ಮಕ್ಕಿಕಾಮಕ್ಕಿ

ಹಳೇ ಪ್ರೋಗ್ರಾಮಿನ ಲೆಕ್ಕಕ್ಕೂ ಹೊಸದರ ಲೆಕ್ಕಕ್ಕೂ 860 ಖಾತೆಗಳಲ್ಲಿ 853 ತಾಳೆಯಾದವು. ಏಳು ಆಗಲಿಲ್ಲ. ಆ ಏಳನ್ನು ನಾನು ನೋಡಿದೆ, ನೋಡಿಯೂ ಬಿಟ್ಟೆ. ಇದು ಹೋದ ವರ್ಷ ಮಾರ್ಚ್ ಕೊನೆಯ ಭಾನುವಾರದ ಮಾತು. ಅವತ್ತಿನಿಂದ ಆ ಏಳು ಖಾತೆಗಳು ಕಿವಿಯ ಹತ್ತಿರ ಸೊಳ್ಳೆ ಗುಂಯ್‌ಗುಟ್ಟುವ ಹಾಗೆ ಆಗಾಗ ಬಂದು ಹೋಗುತ್ತವೆ. ಬರೆದು ಹಾಕಿದರೆ ಹೋಗಬಹುದೇನೋ ಅಂತ ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಬಸವನಗುಡಿಯಲ್ಲಿ, ಗಾಂಧಿ ಬಜಾರಿನಿಂದ ಎರಡು ರಸ್ತೆ ಆಚೆ, ಒಂದು ಪತ್ತಿನ ಸಹಕಾರ ಸಂಘ ಇದೆ. ನನ್ನ ಸೋದರಮಾವ ಅದರ ಗೌರವ ಕಾರ್ಯದರ್ಶಿ. ವಯಸ್ಸು 77. ಸಂಘದ ಠೇವಣಿ, ಆಭರಣ ಸಾಲ, ಬಡ್ಡಿ, ಡಿವಿಡೆಂಡು ಎಲ್ಲಾ ನಡೆಯುತ್ತಿದ್ದದ್ದು ತೊಂಬತ್ತರ ದಶಕದಲ್ಲಿ ಯಾರೋ ಫಾಕ್ಸ್‌ಪ್ರೋ ಅನ್ನುವ ಡೇಟಾಬೇಸ್ ಭಾಷೆಯಲ್ಲಿ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ. ವಿಂಡೋಸ್‌ಗೂ ಹಿಂದಿನ ಡಾಸ್‌ನ ನೀಲಿ ಪರದೆ, ಕಿರ್ರ್ ಅನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಎರಡು ಸಲ ಹಾರ್ಡ್‌ಡಿಸ್ಕ್ ಹೋದಾಗ ಎಸ್‌ಪಿ ರೋಡಿನಲ್ಲಿ ಹುಡುಕಿ ಹುಡುಕಿ ಹಳೇ ಮಾಲು ತಂದು ಹಾಕಿಸಿದ್ದರು. ಮೂರನೇ ಸಲ ಸಿಗಲಿಲ್ಲ. ಹೊಸ ಕಂಪ್ಯೂಟರ್ ತಂದರು. ಅದರಲ್ಲಿ 64 ಬಿಟ್ ವಿಂಡೋಸ್, ಡಾಸ್ ಕಾಲದ 16 ಬಿಟ್ ಪ್ರೋಗ್ರಾಮನ್ನು ಮುಟ್ಟಿಯೂ ನೋಡುವುದಿಲ್ಲ. ಹೊಸ ಕಂಪ್ಯೂಟರಿನೊಳಗೆ ಹಳೇ ಡಾಸ್ ಇದೆ ಅಂತ ನಂಬಿಸುವ ಡಾಸ್‌ಬಾಕ್ಸ್ ಹಾಕಿ ಹೇಗೋ ಓಡಿಸಿಕೊಟ್ಟೆ. ಆದರೆ ಫಾಕ್ಸ್‌ಪ್ರೋಗೇ ಹಿಂದೆ ಮುಂದೆ ಯಾರೂ ಇಲ್ಲ. ಮೈಕ್ರೋಸಾಫ್ಟ್ ಅದರ ಕೊನೆಯ ಆವೃತ್ತಿ ತಂದದ್ದು 2004ರಲ್ಲಿ. ಇನ್ನು ಹೊಸದು ಇಲ್ಲ ಅಂತ 2007ರಲ್ಲಿ ಹೇಳಿತು, 2015ರ ಜನವರಿಗೆ ಪೂರ್ತಿ ಕೈ ತೊಳೆದುಕೊಂಡಿತು.

"ನೀನು ದಿನಾ ಇದೇ ಕೆಲಸ ಮಾಡ್ತೀಯಂತಲ್ಲೇ ಪುಟ್ಟಿ, ಒಂದು ಭಾಷೆಯಿಂದ ಇನ್ನೊಂದಕ್ಕೆ?" ಅಂದರು ಮಾವ. ನನಗೆ 46 ವರ್ಷ, ಆದರೂ ಪುಟ್ಟಿ. "ಹೂಂ ಮಾವ" ಅಂದೆ. ಅದು ನಿಜವೇ. ಮಾರತಹಳ್ಳಿಯ ಹತ್ತಿರದ ಆಫೀಸಿನಲ್ಲಿ ಆರು ವರ್ಷದಿಂದ ನಾನು ಮಾಡುತ್ತಿರುವುದೇ ಅದು. "ಎರಡು ಭಾನುವಾರ ಸಾಕು" ಅಂತಲೂ ಅಂದುಬಿಟ್ಟೆ. ಹನ್ನೊಂದು ಭಾನುವಾರ ಹಿಡಿಯಿತು.

ಐದು ಪೈಸೆ

ಪ್ರೋಗ್ರಾಮು ದೊಡ್ಡದೇನಲ್ಲ, ನಾಲ್ಕು ಸಾವಿರ ಸಾಲು. ಈಗ ಇಂಥ ಕೆಲಸಕ್ಕೆ ಎಐ ಇದೆ. ಫೈಲನ್ನು ಕೊಟ್ಟು, ಕಾಫಿ ಸೋಸಿಕೊಂಡು ಬರುವಷ್ಟರಲ್ಲಿ ಅದೇ ಪ್ರೋಗ್ರಾಮು ಪೈಥಾನ್ ಅನ್ನುವ ಇವತ್ತಿನ ಭಾಷೆಯಲ್ಲಿ ಅಚ್ಚುಕಟ್ಟಾಗಿ ಬಂದಿತ್ತು. ಪರೀಕ್ಷೆಗಳನ್ನೂ ಅದೇ ಬರೆದಿತ್ತು, ಅವೆಲ್ಲ ಪಾಸೂ ಆಗಿದ್ದವು. ನಾನು ಕೂತು ಒಂದೊಂದು ಸಾಲೂ ಓದಿದೆ. ತಪ್ಪು ಸಿಗಲಿಲ್ಲ. ಹಳೇದು ಹೊಸದು ಎರಡನ್ನೂ ಅಕ್ಕಪಕ್ಕ ಓಡಿಸಿ, ಮೊದಲು ಸಾಲಗಳಿಗೆ ಒಂದು ವರ್ಷದ ಬಡ್ಡಿ ಹಾಕಿಸಿದೆ. ಒಟ್ಟು ಲೆಕ್ಕದಲ್ಲಿ 2 ರೂಪಾಯಿ 85 ಪೈಸೆ ವ್ಯತ್ಯಾಸ.

ಒಂದು ಕಡೆ ಐದು ಪೈಸೆ ಕಡಿಮೆ, ಇನ್ನೊಂದು ಕಡೆ ಎರಡು ಪೈಸೆ ಜಾಸ್ತಿ, ಹೀಗೆ ನೂರಾರು ಖಾತೆಗಳಲ್ಲಿ ಚೂರುಚೂರು. ಮೊದಲು ನನಗೆ ಅನುಮಾನ ಬಂದದ್ದು ಪೈಥಾನಿನ ರೌಂಡ್ ಮೇಲೆ, ಅಂದರೆ ದಶಾಂಶದ ಬಾಲವನ್ನು ಹತ್ತಿರದ ಸಂಖ್ಯೆಗೆ ತರುವ ಆದೇಶದ ಮೇಲೆ. ಪೈಥಾನ್ 3ರಲ್ಲಿ 2.5ನ್ನು ರೌಂಡ್ ಮಾಡಿದರೆ 3 ಬರುವುದಿಲ್ಲ, 2 ಬರುತ್ತದೆ. 3.5 ಕೊಟ್ಟರೆ 4. ಸರಿಯಾಗಿ ಅರ್ಧಕ್ಕೆ ಬಂದು ನಿಂತರೆ ಹತ್ತಿರದ ಸಮಸಂಖ್ಯೆಗೆ ಹೋಗು ಅನ್ನುವುದು ಅದರ ನಿಯಮ. ಅದೇ ಪೈಥಾನ್ 2 ಇದ್ದಾಗ 2.5ಕ್ಕೆ 3 ಅನ್ನುತ್ತಿತ್ತು. ಫಾಕ್ಸ್‌ಪ್ರೋ ಕೂಡ ನಮ್ಮ ಶಾಲೆಯ ಲೆಕ್ಕದ ಹಾಗೆ 3 ಅಂತಲೇ ಹೇಳುತ್ತದೆ. ಒಂದೇ ಹೆಸರು, ಬೇರೆ ನಡತೆ. ಅದನ್ನು ಸರಿಮಾಡಿದೆ. ಬಡ್ಡಿಯ ಲೆಕ್ಕವನ್ನೆಲ್ಲ ದಶಾಂಶಗಳನ್ನು ಕರಾರುವಾಕ್ಕಾಗಿ ಇಡುವ ಡೆಸಿಮಲ್‌ಗೆ ಬದಲಿಸಿದೆ. ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ.

ಕೊನೆಗೆ ಒಂದೇ ಒಂದು ಖಾತೆ ಹಿಡಿದುಕೊಂಡು ಕೂತೆ. ಆಭರಣ ಸಾಲ, 38,050 ರೂಪಾಯಿ, ಬಡ್ಡಿ ಶೇಕಡ 11.5. ತಿಂಗಳಿಗೆ 364.645833 ಅಂತ ಬಾಲ ಬೆಳೆಯುತ್ತದೆ. ನನ್ನ ಪೈಥಾನ್ ಆ ಬಾಲವನ್ನು ಹಾಗೇ ಇಟ್ಟುಕೊಂಡು ಹನ್ನೆರಡು ತಿಂಗಳು ಕೂಡಿಸಿ, ಕೊನೆಯಲ್ಲಿ ಪೈಸೆಗೆ ತರುತ್ತಿತ್ತು. ಬಂದದ್ದು 4,375.75. ಹಳೆಯದು ಹೇಳುತ್ತಿದ್ದದ್ದು 4,375.80. ಅಂದರೆ ಹಳೆಯದು ಪ್ರತಿ ತಿಂಗಳೂ 364.65 ಅಂತ ರೌಂಡ್ ಮಾಡುತ್ತಿತ್ತು. ಆದರೆ ಎಲ್ಲಿ? ನಾಲ್ಕು ಸಾವಿರ ಸಾಲಿನಲ್ಲಿ ತಡಕಾಡಿದೆ. ಬಡ್ಡಿ ಹಾಕುವ ಜಾಗದಲ್ಲಿ ರೌಂಡ್ ಅನ್ನುವ ಮಾತೇ ಇರಲಿಲ್ಲ.

ಅದು ಕೋಡಿನಲ್ಲಿ ಇರಲೇ ಇಲ್ಲ, ಟೇಬಲ್ಲಿನಲ್ಲಿತ್ತು. ಫಾಕ್ಸ್‌ಪ್ರೋದ ಡಿಬಿಎಫ್ ಫೈಲಿನಲ್ಲಿ ಸಂಖ್ಯೆಯ ಕಾಲಂ ಮಾಡುವಾಗಲೇ ದಶಾಂಶ ಎಷ್ಟು ಸ್ಥಾನ ಅಂತ ಬರೆಯಬೇಕು. ಇಲ್ಲಿ ಎರಡು ಅಂತ ಬರೆದಿದ್ದರು. ಪ್ರತಿ ತಿಂಗಳ ಬಡ್ಡಿಯನ್ನು ಆ ಕಾಲಂಗೆ ತುಂಬಿದ ಕೂಡಲೇ ಬಾಲ ರೌಂಡ್ ಆಗಿ ಪೈಸೆಗೆ ಬಂದು ನಿಲ್ಲುತ್ತಿತ್ತು. ಮುಂದಿನ ತಿಂಗಳು ಅಲ್ಲಿಂದ ತೆಗೆದು ಕೂಡಿಸುತ್ತಿತ್ತು. ನಾನು ಮಾತ್ರ "ಸುಮ್ನೆ ಯಾಕೆ ಪ್ರತಿ ಸಲ ಟೇಬಲ್ಲಿಗೆ ಬರೀಬೇಕು" ಅಂತ ಜಾಣತನ ಮಾಡಿ ಹನ್ನೆರಡು ತಿಂಗಳನ್ನೂ ನೆನಪಿನಲ್ಲೇ ಕೂಡಿಸಿದ್ದೆ. ಒಬ್ಬರ ಮಾತನ್ನು ಅನುವಾದ ಮಾಡಿದೆ, ಅವರು ಕೂತಿದ್ದ ಕುರ್ಚಿಯನ್ನು ಬಿಟ್ಟೆ.

ಮಾವನಿಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಹೇಳಲು ಶುರು ಮಾಡುತ್ತಿದ್ದ ಹಾಗೇ ಅವರು ನಕ್ಕರು. "ಇದು ನಮ್ಮ ಕಾಲದ ಆಣೆ ಲೆಕ್ಕ ಕಣೇ" ಅಂದರು. 1957ರ ಏಪ್ರಿಲ್ ಒಂದನೇ ತಾರೀಕು ರೂಪಾಯಿಗೆ 16 ಆಣೆ ಹೋಗಿ 100 ನಯಾಪೈಸೆ ಬಂದಾಗ ಮಾವನಿಗೆ ಒಂಬತ್ತೋ ಹತ್ತೋ ವರ್ಷ. ಒಂದಾಣೆ ಅಂದರೆ ಲೆಕ್ಕದ ಪ್ರಕಾರ ಆರೂಕಾಲು ನಯಾಪೈಸೆ. ಕಾಲು ನಯಾಪೈಸೆ ಎಲ್ಲಿದೆ? ಅದಕ್ಕೇ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಪಟ್ಟಿ ಮಾಡಿ ಕೊಟ್ಟಿದ್ದರು. "ನಾಲ್ಕು ಒಂದಾಣೆ ಬಿಲ್ಲೆ ತಗೊಂಡು ಹೋಗಿ ಒಂದೊಂದಾಗಿ ಕೊಟ್ಟರೆ 24. ಒಟ್ಟಿಗೆ ಕೊಟ್ಟರೆ 25. ನಮ್ಮಮ್ಮ ಹೇಳಿ ಕಳಿಸೋರು, ಒಟ್ಟಿಗೆ ಕೊಡೋ, ಬಿಡಿಬಿಡಿಯಾಗಿ ಕೊಡಬೇಡ ಅಂತ. ನಿನ್ನ ಕಂಪ್ಯೂಟರ್ ಒಟ್ಟಿಗೆ ಕೊಡ್ತಿದೆ, ಹಳೇದು ಬಿಡಿಬಿಡಿಯಾಗಿ ಕೊಡ್ತಿತ್ತು, ಅಷ್ಟೇ ತಾನೆ?" ಅಷ್ಟೇ. ನಾನು ಮೂರು ಭಾನುವಾರ ಕಳೆದು ಕಂಡುಹಿಡಿದದ್ದನ್ನು ನಮ್ಮಜ್ಜಿ ಸಂತೆಗೆ ಕಳಿಸುವಾಗ ಹೇಳುತ್ತಿದ್ದರಂತೆ.

ಐದು ಪೈಸೆಯ ನಾಣ್ಯ ಈಗ ಇಲ್ಲ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳೆಲ್ಲ 2011ರ ಜೂನ್ 30ರ ಹೊತ್ತಿಗೆ ಚಲಾವಣೆಯಿಂದ ಹೋದವು. ಆದರೂ ಲೆಡ್ಜರಿನಲ್ಲಿ ಐದು ಪೈಸೆ ಇನ್ನೂ ಜೀವಂತ. ಹಳೆಯ ಪ್ರೋಗ್ರಾಮು ಹೇಗೆ ಮಾಡುತ್ತಿತ್ತೋ ಹಾಗೇ ಮಾಡುವಂತೆ ಹೊಸದನ್ನೂ ತಿದ್ದಿದೆ. ತಿಂಗಳು ತಿಂಗಳೂ ರೌಂಡ್. ಗಣಿತದ ದೃಷ್ಟಿಯಿಂದ ನನ್ನ ಮೊದಲ ಆವೃತ್ತಿಯೇ ಹೆಚ್ಚು ಸರಿ. ಆದರೆ ಸಂಘದ ಮಟ್ಟಿಗೆ ಸರಿ ಅಂದರೆ ಪಾಸ್‌ಬುಕ್‌ನಲ್ಲಿ ಈಗಾಗಲೇ ಅಚ್ಚಾಗಿರುವುದು.

ಆಫೀಸಿನ ಕಥೆ ಸ್ವಲ್ಪ

ಆಫೀಸಿನಲ್ಲಿ ನಾನು ಮಾಡುವುದೂ ಇಂಥದ್ದೇ. ಅಲ್ಲಿ ದುಡ್ಡು ಜಾಸ್ತಿ, ಮಜಾ ಕಡಿಮೆ. ಈ ಊರಿನಲ್ಲಿ ಎಷ್ಟೋ ಜನರ ಮನೆ ಸಾಲ ತೀರಿರುವುದು ಬೇರೆಯವರ ಹಳೇ ಕೋಡಿನಿಂದ. ನನ್ನ ಸೀನಿಯರ್‌ಗಳ ಪೀಳಿಗೆ ವೈಟುಕೆ ಕಾಲದಲ್ಲಿ, ಅಂದರೆ 2000ನೇ ಇಸವಿ ಬಂದರೆ ಕಂಪ್ಯೂಟರುಗಳು ತಪ್ಪುತ್ತವೆ ಅನ್ನುವ ಭಯದ ಕಾಲದಲ್ಲಿ, ಕೋಬಾಲ್ ಅನ್ನುವ ಹಳೇ ಭಾಷೆಯ ಫೈಲುಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡಿ ಮಾಡಿಯೇ ಜೀವನಕ್ಕೆ ಕಾಲೂರಿದ್ದು.

ನನ್ನ ಪಾಲಿಗೆ ಬಂದದ್ದು ಪೈಥಾನ್‌ನಿಂದ ಜಾವಾ ಅನ್ನುವ ಇನ್ನೊಂದು ಭಾಷೆಗೆ ಹೋಗುವ ಕೆಲಸ. ಒಂದು ಘಟನೆ ಹೇಳುತ್ತೇನೆ. ವಾರದ ದಿನಗಳನ್ನು ಭಾನುವಾರ 0, ಸೋಮವಾರ 1 ಅಂತ ಎಣಿಸಿದ್ದರು. ಹಿಂದಿನ ದಿನ ಬೇಕಾದರೆ ಒಂದು ಕಳೆದು, ಏಳರಿಂದ ಭಾಗಿಸಿ, ಶೇಷ ತೆಗೆದುಕೊಳ್ಳುವುದು. ಭಾನುವಾರದಿಂದ ಒಂದು ಕಳೆದರೆ ಮೈನಸ್ ಒಂದು. ಅದನ್ನು ಏಳರಿಂದ ಭಾಗಿಸಿದ ಶೇಷ ಪೈಥಾನಿನಲ್ಲಿ 6, ಅಂದರೆ ಶನಿವಾರ. ಸರಿ. ಅದೇ ಸಾಲು, ಅದೇ ಚಿಹ್ನೆ, ಜಾವಾದಲ್ಲಿ ಬರೆದರೆ ಉತ್ತರ ಮೈನಸ್ ಒಂದೇ. ಮೈನಸ್ ಒಂದನೇ ದಿನ ಯಾವುದು? ಸೋಮವಾರದಿಂದ ಶನಿವಾರದವರೆಗೆ ಎಲ್ಲಾ ಪರೀಕ್ಷೆ ಮಾಡಿದ್ದೆವು. ಭಾನುವಾರ ಯಾರು ಕೆಲಸ ಮಾಡುತ್ತಾರೆ? ಭಾನುವಾರ ಬೆಳಿಗ್ಗೆ ಆರಕ್ಕೆ ಫೋನ್ ಬಂತು. ಎರಡು ಭಾಷೆಯಲ್ಲಿ ಒಂದೇ ಥರ ಕಾಣುವ ಪದವೇ ಹೆಚ್ಚು ಅಪಾಯ. ತಮಿಳಿನವರು ಅಂಗಡಿಯಲ್ಲಿ ತುಪ್ಪ ಬೇಕಾದಾಗ 'ನೆಯ್' ಅಂದರೆ ಅರ್ಥವಾಗದೆ ಕೇಳುತ್ತೇವೆ, ಕೇಳಿ ತಿಳಿದುಕೊಳ್ಳುತ್ತೇವೆ. ಗೊತ್ತಿರುವ ಪದ ಅನಿಸಿದರೆ ಕೇಳುವುದೇ ಇಲ್ಲ ಅಲ್ವಾ.

ದೊಡ್ಡವರೂ ಇದನ್ನು ಸುಲಭ ಅಂತ ತಿಳಿದುಕೊಂಡಿಲ್ಲ. 2025ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್‌ನವರು ತಮ್ಮ ಟೈಪ್‌ಸ್ಕ್ರಿಪ್ಟ್ ಭಾಷೆಯ ಕಂಪೈಲರನ್ನು (ಬರೆದ ಕೋಡನ್ನು ಪರೀಕ್ಷಿಸಿ ಬೇರೆ ರೂಪಕ್ಕೆ ತಿರುಗಿಸುವ ಪ್ರೋಗ್ರಾಮು) ಗೋ ಭಾಷೆಗೆ ತರುತ್ತಿದ್ದೇವೆ, ಸುಮಾರು ಹತ್ತು ಪಟ್ಟು ವೇಗ ಸಿಗುತ್ತಿದೆ ಅಂತ ಹೇಳಿದರು. ರಸ್ಟ್ ಭಾಷೆ ಯಾಕಲ್ಲ, ಅವರದೇ ಸಿ ಶಾರ್ಪ್ ಭಾಷೆ ಯಾಕಲ್ಲ ಅಂತ ಜನ ಗಲಾಟೆ ಮಾಡಿದರು. ಅವರು ಕೊಟ್ಟ ಕಾರಣ ನನಗೆ ತುಂಬಾ ಹಿಡಿಸಿತು. ಹಳೇ ಕೋಡು ಬರೆದಿರುವ ರೀತಿ ಗೋದಲ್ಲಿ ಬರೆಯುವ ರೀತಿಗೆ ಹತ್ತಿರ ಇತ್ತು. ಹೊಸದಾಗಿ ಬರೆಯುವುದು ಬೇಡ, ಇದ್ದದ್ದನ್ನು ಇದ್ದ ಹಾಗೇ ಸಾಗಿಸೋಣ, ಹಳೆಯದರ ನಡತೆ ಹೊಸದರಲ್ಲೂ ಉಳಿಯಲಿ ಅಂತ. ಗೋ ಭಾಷೆಯ ಸ್ವಂತ ಕಂಪೈಲರ್ ಕೂಡ ಮೊದಲು ಸಿ ಭಾಷೆಯಲ್ಲಿತ್ತು. 2015ರ ಆಗಸ್ಟಿನಲ್ಲಿ ಬಂದ 1.5ರ ಹೊತ್ತಿಗೆ ಅದನ್ನು ಗೋಗೆ ತಂದಿದ್ದರು. ಅದಕ್ಕೆಂದೇ ಒಂದು ಪರಿವರ್ತಕ ಬರೆದು, ಯಂತ್ರದ ಕೈಯಲ್ಲಿ ಮಕ್ಕಿಕಾಮಕ್ಕಿ ಮಾಡಿಸಿದ್ದು.

ಮಕ್ಕಿಕಾಮಕ್ಕಿ ಅಂದಾಗ ನಾವು ಬೈಯ್ಯುವ ಧಾಟಿಯಲ್ಲೇ ಅನ್ನುವುದು. ಪರೀಕ್ಷೆಯಲ್ಲಿ ಪಕ್ಕದವನದ್ದು ಹೆಸರಿನ ಸಮೇತ ಬರೆದವನಿಗೆ ಮೇಷ್ಟರು ಹೇಳುತ್ತಿದ್ದ ಮಾತು. ಹಳೇ ಪುಸ್ತಕದಲ್ಲಿ ನೊಣ ಅಂಟಿಕೊಂಡಿತ್ತು ಅಂತ ಹೊಸ ಪುಸ್ತಕದಲ್ಲೂ ಅದೇ ಜಾಗಕ್ಕೆ ಒಂದು ನೊಣ ಹಿಡಿದು ತಂದು ಅಂಟಿಸಿದ ಗುಮಾಸ್ತನ ಕಥೆ ಎಲ್ಲರಿಗೂ ಗೊತ್ತು. ನಮ್ಮ ಕಸುಬಿನಲ್ಲೂ ಒಂದು ಅಂಟಿಸಿದ ಹುಳ ಇದೆ. 1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಅನ್ನುವ ಕಂಪ್ಯೂಟರಿನ ರಿಲೇಯಲ್ಲಿ ಸಿಕ್ಕಿಕೊಂಡಿದ್ದ ಪತಂಗವೊಂದನ್ನು ತೆಗೆದು ಲಾಗ್ ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿದರು. ಆ ಪುಟ ಇವತ್ತಿಗೂ ಇದೆ. ಯಾರಾದರೂ ಆ ಪುಸ್ತಕವನ್ನು ನಕಲು ಮಾಡಬೇಕಾಗಿ ಬಂದಿದ್ದರೆ ಏನು ಮಾಡುತ್ತಿದ್ದರೋ.

ಆದರೆ ನೊಣವನ್ನು ನಕಲು ಮಾಡಿದವರೆಲ್ಲ ಪೆದ್ದರಲ್ಲ, ಬಿಟ್ಟವರೆಲ್ಲ ಜಾಣರೂ ಅಲ್ಲ. ಏರಿಯಾನ್ 5 ರಾಕೆಟ್ 1996ರ ಜೂನ್ 4ರಂದು ಹಾರಿ ಇನ್ನೂ ಒಂದು ನಿಮಿಷವೂ ಆಗದೆ ಒಡೆದು ಹೋಯಿತು. ಏರಿಯಾನ್ 4ರಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆದಿದ್ದ ಕೋಡನ್ನು ಇದ್ದ ಹಾಗೇ ತಂದು ಹಾಕಿದ್ದರು. ಹಳೇ ರಾಕೆಟ್ಟಿನ ಅಡ್ಡವೇಗ 16 ಬಿಟ್ಟಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿತ್ತು, ಹೊಸದರದ್ದು ಹಿಡಿಸಲಿಲ್ಲ. ಅಷ್ಟೇ ಅಲ್ಲ, ಆ ಲೆಕ್ಕ ಹಾಕುತ್ತಿದ್ದ ಭಾಗಕ್ಕೆ ಹಾರಿದ ಮೇಲೆ ಹೊಸ ರಾಕೆಟ್ಟಿನಲ್ಲಿ ಕೆಲಸವೇ ಇರಲಿಲ್ಲ. ಸುಮ್ಮನೆ ಜೊತೆಗೆ ಬಂದಿತ್ತು. ಇತ್ತ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಇದ್ದಾರೆ. ಅವರ ಟೆಕ್ ಮುದ್ರಣ ವ್ಯವಸ್ಥೆಯನ್ನು ಅವರು ಬರೆದದ್ದು ಪ್ಯಾಸ್ಕಲ್ ಆಧಾರದ ವೆಬ್ ಅನ್ನುವ ಭಾಷೆಯಲ್ಲಿ. ಇವತ್ತು ನಾವು ಬಳಸುವುದು ಅದನ್ನು ಸಿ ಭಾಷೆಗೆ ತಿರುಗಿಸಿಕೊಂಡದ್ದು. ತನ್ನ ಪುಸ್ತಕಗಳಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2.56 ಡಾಲರಿನ ಚೆಕ್ ಕೊಡುತ್ತಿದ್ದ ಮನುಷ್ಯ, ತಾನು ಸತ್ತ ಮೇಲೆ ಮಾತ್ರ ಯಾರೂ ಟೆಕ್ ಅನ್ನು ತಿದ್ದಬಾರದು, ಆಗ ಉಳಿದ ತಪ್ಪುಗಳೆಲ್ಲ ಶಾಶ್ವತವಾಗಿ ಗುಣಗಳಾಗಲಿ ಅಂತ ಬರೆದಿಟ್ಟಿದ್ದಾರೆ. ಮೊದಲ ಸಲ ಓದಿದಾಗ ತಮಾಷೆ ಅನಿಸಿತ್ತು. ಈಗ ಹಾಗನಿಸುವುದಿಲ್ಲ.

174

ಆ ಏಳು ಖಾತೆಗಳಿಗೆ ವಾಪಸ್ಸು ಬರುತ್ತೇನೆ. ಪೈಸೆಯ ಜಗಳ ಮುಗಿದು ಠೇವಣಿಗಳನ್ನೂ ಓಡಿಸಿದಾಗ ಏಳು ಖಾತೆಗಳಲ್ಲಿ ವ್ಯತ್ಯಾಸ ಬಂತು. ಇದು ಪೈಸೆಯದ್ದಲ್ಲ, ನೂರಾರು ರೂಪಾಯಿಯದ್ದು. ಏಳೂ ಠೇವಣಿ ಖಾತೆಗಳು. ಎಲ್ಲದರಲ್ಲೂ ಹಳೇ ಪ್ರೋಗ್ರಾಮು ಜಾಸ್ತಿ ಬಡ್ಡಿ ಕೊಟ್ಟಿತ್ತು. ರಸೀದಿ ತೆಗೆಸಿ ನೋಡಿದರೆ ಎಲ್ಲದರ ಮೇಲೂ ಶೇಕಡ 9 ಅಂತ ಅಚ್ಚಾಗಿದೆ, ನನ್ನ ಪೈಥಾನ್ ಶೇಕಡ 9ರಂತೆಯೇ ಲೆಕ್ಕ ಹಾಕಿದೆ. ಮಾವ "ಹಿಂದೆ ಯಾರೋ ಕೈಯಲ್ಲಿ ತಿದ್ದಿರಬೇಕು ಬಿಡೇ" ಅಂದರು. ನನಗೂ ಅದೇ ಬೇಕಾಗಿತ್ತು. ಒಂಬತ್ತನೇ ಭಾನುವಾರ ಅದು, ಮನೆಯಲ್ಲಿ ಮಗನ ಪರೀಕ್ಷೆ. ಹೊಸದೇ ಸರಿ, ಹಳೇದು ತಪ್ಪು ಅಂತ ತೀರ್ಮಾನಿಸಿದೆ. ಪಟ್ಟಿ ಹೆಸರಿನ ಅಕಾರಾದಿಯಲ್ಲಿ ಅಚ್ಚಾಗಿತ್ತು. ಸದಸ್ಯತ್ವ ಸಂಖ್ಯೆಯ ಪ್ರಕಾರ ಜೋಡಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಏಪ್ರಿಲ್‌ನಿಂದ ಹೊಸ ಪ್ರೋಗ್ರಾಮು ಶುರುವಾಯಿತು. ಜುಲೈ ಮೊದಲ ಶನಿವಾರ ಪ್ರಿಂಟರ್ ಸರಿಮಾಡಲು ಹೋಗಿದ್ದೆ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು, ಮಳೆಗೆ ಅರ್ಧ ನೆನೆದು ಒಳಗೆ ಹೋದರೆ ಕೌಂಟರಿನ ಮುಂದೆ ಒಬ್ಬರು ಅಮ್ಮ ಕೂತಿದ್ದರು. ಎಪ್ಪತ್ತರ ಮೇಲೆ ವಯಸ್ಸು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಪಾಸ್‌ಬುಕ್. ಅಕೌಂಟೆಂಟ್ ಹುಡುಗ ನನ್ನನ್ನು ತೋರಿಸಿ "ಇವರೇ ಅಮ್ಮ, ಕಂಪ್ಯೂಟರ್ ಮಾಡಿದ್ದು" ಅಂದ. ಪಾಪ, ಅವನೇನು ಮಾಡಿಯಾನು.

"ಏನಮ್ಮ, ಈ ಸಲ ನನಗೆ 250 ರೂಪಾಯಿ ಕಮ್ಮಿ ಬಂದಿದೆಯಲ್ಲ" ಅಂದರು. ಜಗಳದ ದನಿ ಅಲ್ಲ. ತಿಂಗಳ ಹಾಲಿನವನಿಗೆ ಕೇಳುವ ಹಾಗೆ. ಪಾಸ್‌ಬುಕ್ ತೆಗೆದರು. ಎರಡು ಲಕ್ಷದ ಠೇವಣಿ. ಮೂರು ತಿಂಗಳಿಗೊಮ್ಮೆ ಬಡ್ಡಿ. ಪ್ರತಿ ಸಲ 4,750, ಪ್ರತಿ ಸಲ 4,750, ಕೆಳಗೆ ಕೊನೆಯ ಸಾಲಿನಲ್ಲಿ ನನ್ನ ಪೈಥಾನ್ ಹಾಕಿದ 4,500. "ರಸೀದಿಯಲ್ಲಿ ಒಂಬತ್ತು ಪರ್ಸೆಂಟ್ ಅಂತ ಇದೆಯಮ್ಮ" ಅಂದೆ. "ಹೌದು, ಹಿರಿಯರಿಗೆ ಅರ್ಧ ಪರ್ಸೆಂಟ್ ಜಾಸ್ತಿ ಕೊಡ್ತಾರಲ್ಲ, ಅದು ಸೇರಿ ಒಂಬತ್ತೂವರೆ" ಅಂದರು. ನಾನು ಹುಡುಗನ ಮುಖ ನೋಡಿದೆ. ಅವನು ಮಾವನ ಮುಖ ನೋಡಿದ. ಮಾವ ಕನ್ನಡಕ ತೆಗೆದು ಒರೆಸತೊಡಗಿದರು. ಈ ಸಂಘದಲ್ಲಿ ಹಿರಿಯರಿಗೆ ಅರ್ಧ ಪರ್ಸೆಂಟ್ ಜಾಸ್ತಿ ಅನ್ನುವ ಯೋಜನೆ ಯಾವತ್ತೂ ಇರಲಿಲ್ಲ.

ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಸದಸ್ಯತ್ವ ಸಂಖ್ಯೆ 174 ಅಂತ ಇತ್ತು. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು, ಮಾರ್ಚ್‌ನಲ್ಲಿ ಬಿಟ್ಟುಬಿಟ್ಟಿದ್ದ ಏಳು ಖಾತೆಗಳ ಪಟ್ಟಿಯನ್ನು ಸಂಖ್ಯೆಯ ಪ್ರಕಾರ ಜೋಡಿಸಿದೆ. 170, 171, 173, 174, 176, 178, 179. ನಡುವೆ ಬಿಟ್ಟುಹೋದ ಮೂರು ಮುಚ್ಚಿದ ಖಾತೆಗಳು. ಕೂದಲು ನಿಮಿರಿತು.

ಹಳೇ ಕೋಡಿನಲ್ಲಿ ಒಂದು ಸಾಲಿತ್ತು. ಸದಸ್ಯತ್ವ ಸಂಖ್ಯೆ = "17" ಆದರೆ ಬಡ್ಡಿ ದರಕ್ಕೆ ಅರ್ಧ ಪರ್ಸೆಂಟ್ ಸೇರಿಸು. 17 ಅಂದರೆ ಆಗ ಸಂಘದಲ್ಲಿದ್ದ ಗುಮಾಸ್ತರು. ನೌಕರರ ಠೇವಣಿಗೆ ಅರ್ಧ ಪರ್ಸೆಂಟ್ ಜಾಸ್ತಿ ಕೊಡುವ ಪದ್ಧತಿ, ಸಂಘಕ್ಕೆ ಇದ್ದದ್ದು ಒಬ್ಬರೇ ನೌಕರರು, ಅವರ ನಂಬರನ್ನೇ ಕೋಡಿಗೆ ಬರೆದುಬಿಟ್ಟಿದ್ದರು. ಅವರು ನಿವೃತ್ತರಾಗಿ, ಖಾತೆ ಮುಚ್ಚಿ, ತೀರಿಯೂ ಹೋಗಿದ್ದಾರೆ. ಎಐ ಈ ಸಾಲನ್ನು ಪೈಥಾನಿಗೆ ತಂದಾಗ ಅಚ್ಚುಕಟ್ಟಾಗಿ ಎರಡು ಸಮಚಿಹ್ನೆ ಹಾಕಿತ್ತು. ಪೈಥಾನಿನಲ್ಲಿ ಹೋಲಿಸಲು ಹಾಗೇ ಬರೆಯಬೇಕು. ನಾನೂ ಓದಿ, ಸರಿಯಾಗಿದೆ ಅಂತ ಮುಂದೆ ಹೋಗಿದ್ದೆ.

ಫಾಕ್ಸ್‌ಪ್ರೋದಲ್ಲಿ ಅಕ್ಷರಗಳನ್ನು ಒಂದೇ ಸಮಚಿಹ್ನೆಯಿಂದ ಹೋಲಿಸಿದರೆ ಅದು ಬಲಗಡೆಯದ್ದು ಮುಗಿಯುವವರೆಗೆ ಮಾತ್ರ ನೋಡುತ್ತದೆ. "ರಾಮಣ್ಣ" = "ರಾಮ" ಅಂತ ಕೇಳಿದರೆ ಹೌದು ಅನ್ನುತ್ತದೆ, 'ರಾಮ'ದವರೆಗೆ ಸರಿಯಿದೆಯಲ್ಲ ಅಂತ. ಸೆಟ್ ಎಕ್ಸಾಕ್ಟ್ ಆನ್ ಅಂತ ಮೊದಲೇ ಹೇಳದಿದ್ದರೆ ಅದರ ಸ್ವಭಾವವೇ ಅದು. ಹಾಗಾಗಿ "174" = "17" ಅಂದರೂ ಹೌದು. 170ರಿಂದ 179ರವರೆಗಿನ ಎಲ್ಲರೂ ಅದಕ್ಕೆ ಆ ಗುಮಾಸ್ತರೇ. ಬರೆದವರು ದಡ್ಡರಾಗಿರಲಿಲ್ಲ. ಫಾಕ್ಸ್‌ಪ್ರೋದಲ್ಲೂ ಎರಡು ಸಮಚಿಹ್ನೆ ಹಾಕಿ ಪೂರ್ತಿ ಹೋಲಿಸಬಹುದು. ಆದರೆ ಐದಕ್ಷರದ ಆ ಕಾಲಂನಲ್ಲಿ 17ರ ಮುಂದೆ ಮೂರು ಖಾಲಿ ಜಾಗ ತುಂಬಿಕೊಂಡಿರುತ್ತದೆ, ಪೂರ್ತಿ ಹೋಲಿಸಿದರೆ ಗುಮಾಸ್ತರ ಖಾತೆಗೇ ತಾಳೆಯಾಗುವುದಿಲ್ಲ. ಬಹುಶಃ ಹಾಗೆ ಮಾಡಿ ನೋಡಿ, ಆಗದೆ, ಒಂದು ಚಿಹ್ನೆ ಅಳಿಸಿರುತ್ತಾರೆ. ಆಗ ಸರಿಹೋಗಿರುತ್ತದೆ. ಸಂಜೆಯಾಗಿರುತ್ತದೆ, ಮನೆಗೆ ಹೋಗಿರುತ್ತಾರೆ. ನಾನು ಎಷ್ಟು ಸಲ ಹಾಗೆ ಮನೆಗೆ ಹೋಗಿಲ್ಲ.

ಆ ಸಾಲಿನ ಮೇಲೆ ನಕ್ಷತ್ರ ಹಾಕಿ ಒಂದು ಟಿಪ್ಪಣಿ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: "ಟೆಂಪರರಿ. ಮಾರ್ಚ್ ಕ್ಲೋಸಿಂಗ್ ಆದ ಮೇಲೆ ಸರಿ ಮಾಡಬೇಕು. 12-03-98."

ಠರಾವು

ಇಷ್ಟು ವರ್ಷ ಆಡಿಟ್‌ನಲ್ಲಿ ಯಾರೂ ಹಿಡಿಯಲಿಲ್ವಾ ಅಂತ ಕೇಳಬೇಡಿ. ಪ್ರೋಗ್ರಾಮು ಕೊಟ್ಟ ಮೊತ್ತವನ್ನು ಪ್ರೋಗ್ರಾಮು ಕೊಟ್ಟ ಲೆಡ್ಜರಿನ ಜೊತೆ ತಾಳೆ ನೋಡಿದರೆ ತಾಳೆಯಾಗದೆ ಇನ್ನೇನು.

ಅಮ್ಮನನ್ನು ಕಳಿಸಿದ ಮೇಲೆ ಮಾವ, ನಾನು ಕಾಫಿ ತರಿಸಿಕೊಂಡು ಕೂತೆವು. ನನ್ನ ವಾದ ಸರಳವಾಗಿತ್ತು. ರಸೀದಿಯಲ್ಲಿ 9 ಇದೆ, ನಿಯಮದಲ್ಲಿ 9 ಇದೆ, ಹೊಸ ಪ್ರೋಗ್ರಾಮು 9 ಕೊಡುತ್ತಿದೆ. ಹಳೇ ತಪ್ಪನ್ನು ಗೊತ್ತಿದ್ದೂ ಹೊಸದಕ್ಕೆ ತಂದು ಹಾಕುವುದು ಹೇಗೆ? ಮಾವ ಲೋಟ ಕೆಳಗಿಟ್ಟು, "ಅಲ್ವೇ ಪುಟ್ಟಿ, ಆ ಐದು ಪೈಸೆ ವಿಷಯದಲ್ಲಿ ಹಳೇದೇ ಸರಿ ಅಂದೆ. ಈಗ ಹೊಸದು ಸರಿ ಅಂತೀಯ. ಯಾವುದು ಸರಿ ಅಂತ ಹೇಳೋದು ಯಾವ ಲೆಕ್ಕದ ಮೇಲೆ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಐದು ಪೈಸೆಯನ್ನು ಉಳಿಸಿಕೊಂಡಾಗ ನನಗೇನೂ ಅನಿಸಿರಲಿಲ್ಲ, ಯಾಕೆಂದರೆ ಅದು ಹೇಗೆ ಬಂತು ಅಂತ ಗೊತ್ತಾಗಿತ್ತು. ಈ ಏಳನ್ನು ಅಳಿಸಿದಾಗ ಅದು ಹೇಗೆ ಬಂತು ಅಂತ ನಾನು ನೋಡಿಯೇ ಇರಲಿಲ್ಲ. ಹುಡುಕಿ, ತಿಳಿದು, ತೆಗೆದು ಹಾಕಿದ್ದರೆ ಅದು ಬೇರೆ ಮಾತು. ನಾನು ಅನುವಾದ ಮಾಡುತ್ತಾ ಮಾಡುತ್ತಾ, ಯಾರಿಗೂ ಹೇಳದೆ, ಏಳು ಜನರ ಬಡ್ಡಿ ಇಳಿಸಿದ್ದೆ. ಆ ಅಮ್ಮನ ಲೆಕ್ಕದಲ್ಲಿ ಆ 250 ರೂಪಾಯಿಗೆ ಒಂದು ಹೆಸರೂ ಇತ್ತು. ಹಿರಿಯರಿಗೆ ಅರ್ಧ ಪರ್ಸೆಂಟ್. ತಪ್ಪಿನಿಂದ ಹುಟ್ಟಿದ ದುಡ್ಡಿಗೆ ಅವರೇ ಒಂದು ನಿಯಮ ಕಟ್ಟಿಕೊಂಡಿದ್ದರು. ಬೇರೆ ಕಡೆ ಎಲ್ಲಾ ಇರುವ ನಿಯಮ, ನ್ಯಾಯವಾಗಿಯೂ ಇದೆ.

"ಬೋರ್ಡಿಗೆ ಇಡ್ತೀನಿ" ಅಂದರು ಮಾವ. "ಇದು ನಿನ್ನ ತಲೆನೋವೂ ಅಲ್ಲ, ನಂದೂ ಅಲ್ಲ."

ಬೋರ್ಡ್ ಮೀಟಿಂಗ್ ಎರಡು ಗಂಟೆ ನಡೆಯಿತಂತೆ. ಒಬ್ಬ ನಿರ್ದೇಶಕರು ಇಷ್ಟು ವರ್ಷ ಹೆಚ್ಚು ಕೊಟ್ಟದ್ದನ್ನು ವಾಪಸ್ಸು ವಸೂಲಿ ಮಾಡಬೇಕು ಅಂದರು. ಅವರನ್ನು ಉಳಿದವರು ಸುಮ್ಮನಾಗಿಸಿದರು. ಕೊನೆಗೆ ಠರಾವು ಆಯಿತು. ಏಳು ಜನರ ಈಗಿನ ಠೇವಣಿಗಳಿಗೆ ಅವಧಿ ಮುಗಿಯುವವರೆಗೆ ಒಂಬತ್ತೂವರೆ, ನವೀಕರಿಸಿದರೆ ಎಲ್ಲರಂತೆ ಒಂಬತ್ತು. ಜೂನ್‌ನಲ್ಲಿ ಕಮ್ಮಿ ಬಂದದ್ದನ್ನು ತುಂಬಿಕೊಡುವುದು. ಏಳರಲ್ಲಿ ಕೊನೆಯದು ಮುಗಿಯುವುದು 2028ರ ಫೆಬ್ರವರಿಗೆ.

ಹಾಗಾಗಿ ಒಂದು ಭಾನುವಾರ ಕೂತು ನೊಣವನ್ನು ಹಿಡಿದು ತಂದು ಅಂಟಿಸಿದೆ. ಪೈಥಾನಿನಲ್ಲಿ ಮೊದಲೆರಡು ಅಕ್ಷರ 17 ಆದರೆ ಅಂತ ಬರೆದಿದ್ದರೆ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು, ಹಳೆಯದರ ಪಕ್ಕಾ ನಕಲೂ ಆಗುತ್ತಿತ್ತು. ಹಾಗೆ ಮಾಡಲಿಲ್ಲ. ಏಳು ಸಂಖ್ಯೆಗಳನ್ನೂ ಒಂದೊಂದಾಗಿ ಬರೆದೆ, ಪಕ್ಕದಲ್ಲಿ ಪ್ರತಿಯೊಂದರ ಮುಗಿಯುವ ತಾರೀಕು, ಮೇಲೆ ಠರಾವಿನ ದಿನಾಂಕ. ಯೂನಿಕೋಡ್ ಇರುವುದರಿಂದ ಈ ಸಲ ಟಿಪ್ಪಣಿ ಕನ್ನಡ ಅಕ್ಷರದಲ್ಲೇ. ಹಳೇ ಟಿಪ್ಪಣಿಯನ್ನೂ ಅಳಿಸಲು ಮನಸ್ಸು ಬರಲಿಲ್ಲ. 98ರ ತಾರೀಕಿನ ಸಮೇತ ಹಾಗೇ ಇಟ್ಟಿದ್ದೇನೆ.

ಮೊನ್ನೆ ಮಾವ ಫೋನ್ ಮಾಡಿದ್ದರು. ಆ ಅಮ್ಮ ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ, ಸಂಘದವರು ಹಿರಿಯರ ಅರ್ಧ ಪರ್ಸೆಂಟ್ ಮರೆತಿದ್ದರು, ಹೋಗಿ ಕೇಳಿದ ಮೇಲೆ ಕೊಟ್ಟರು ಅಂತ ಹೇಳಿದ್ದಾರಂತೆ. ಈಗ ವಾರಕ್ಕೆ ಇಬ್ಬರು ಮೂವರು ಬಂದು ನಮಗೂ ಕೊಡಿ ಅನ್ನುತ್ತಿದ್ದಾರಂತೆ. ಸೆಪ್ಟೆಂಬರಿನ ಸರ್ವಸದಸ್ಯರ ಸಭೆಗೆ ವಿಷಯ ಬರುತ್ತದೆ. "ಆದ್ರೆ ಕೋಡಲ್ಲಿ ಬದಲಾಯಿಸೋದು ಕಷ್ಟ ಆಗುತ್ತಾ?" ಅಂತ ಕೇಳಿದರು. ಒಂದು ಸಾಲು ಸಾಕು ಮಾವ ಅಂದೆ. ಎಷ್ಟು ಭಾನುವಾರ ಅಂತ ಮಾತ್ರ ಹೇಳಲಿಲ್ಲ.